ಅಂಬಾಸಿಡರ್ ಮತ್ತು ಮಾರುತಿ: ಎರಡು ಕಾಲದ ಎರಡು ಕಾರುಗಳು

2024ರ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ಮಾರುತಿ 800 ಕಾರಿಗೆ ಹದಿನೈದು ವರ್ಷ ತುಂಬಿತು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷಗಳ ಅವಧಿ. ಆ ಬಳಿಕವೂ ಓಡಿಸಬೇಕೆಂದಿದ್ದರೆ ಪರೀಕ್ಷೆಗೆ ಒಡ್ಡಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮೊದಲು 600 ರೂಪಾಯಿಯಷ್ಟಿದ್ದ ಆ ಶುಲ್ಕ 2022ರ ಎಪ್ರಿಲಿನಲ್ಲಿ 5,000 ರೂಪಾಯಿಗೆ ಏರಿತ್ತು. ತುಕ್ಕು ಹಿಡಿದ ತಗಡನ್ನು ಬದಲಿಸುವ, ಬಣ್ಣ ಹೊಡೆಸುವ ಖರ್ಚು ಬೇರೆ. "ಇದನ್ನು ಗುಜರಿಗೆ ಕೊಡುವ ಅಪ್ಪ. ಇದಕ್ಕೆ ಹಾಕುವ ಹಣ ಹೊಸ ಕಾರಿನ ಒಂದು ಕಂತಿಗಾದರೂ ಆಗ್ತದೆ" ಎಂದು ಹೈಸ್ಕೂಲು ಮುಗಿಸಿದ ನಮ್ಮ ಮಗ ವಾದ ಹೂಡಿದ.

ಎಷ್ಟು ಖರ್ಚಾದೀತೆಂದು ಕೇಳುವುದಕ್ಕೆ ಬದಿಯಡ್ಕದ ಒಂದು ಗ್ಯಾರೇಜಿಗೆ ಹೋದೆವು. ವೈದ್ಯರಲ್ಲಿಗೆ ಹೋಗಿ ಮರಳುತ್ತಿದ್ದುದರಿಂದ ತಾಯಿಯವರೂ ಜೊತೆಗಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲು ಹೊದಿಸಿದ ಒಂದು ಅಂಬಾಸಿಡರ್ ನಿಂತಿತ್ತು. ಯಾರೋ ಮದುವೆಯ ದಿಬ್ಬಣಕ್ಕೆಂದು ಉಳಿಸಿಕೊಂಡ ಗಾಡಿಯಂತೆ. ತಾಯಿಯವರು ಮೆಲ್ಲನೆ ಹೋಗಿ ಅದರ ಬಾಗಿಲನ್ನು ಸವರಿ ನೋಡಿದರು. "ಇದರಲ್ಲಿ ಕೂತರೆ ಕುರ್ಚಿಯಲ್ಲಿ ಕೂತ ಹಾಗೆ. ನಮ್ಮದರಲ್ಲಿ ಕೂತರೆ ಮಣೆಯಲ್ಲಿ ಕೂತ ಹಾಗೆ" ಎಂದರು. ಮಂಡಿನೋವಿನವರ ಆ ಮಾತಿನಲ್ಲಿ ಸತ್ಯವಿತ್ತು.

ಹಾಗಾದರೆ ಈ ಎರಡರಲ್ಲಿ ಒಳ್ಳೆಯ ಕಾರು ಯಾವುದು ಎಂದು ಮಗ ಕೇಳಿದ. ತರಗತಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟು ರೂಢಿಯಾದ ನಮಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ದಿನದಿಂದ ಯೋಚಿಸಿ ಕಂಡುಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇವೆ.

ಗಡಿಯ ಬೆನ್ನಿಗೆ ಬಂದ ಕಾರು

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಅದರ ಬೆನ್ನಿಗೇ, 1957-58ರಲ್ಲಿ, ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ದಡದ ಉತ್ತರಪಾರದಲ್ಲಿ ಅಂಬಾಸಿಡರ್ ತಯಾರಾಗತೊಡಗಿತು. ಹಾಗಾಗಿ ನಮ್ಮ ಗಡಿಗೂ ಆ ಕಾರಿಗೂ ಹೆಚ್ಚುಕಡಿಮೆ ಒಂದೇ ಪ್ರಾಯ.

ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿಯನ್ನು ಬಿರ್ಲಾ ಮನೆತನದವರು ಸ್ಥಾಪಿಸಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. 1948ರಲ್ಲಿ ಅದು ಉತ್ತರಪಾರಕ್ಕೆ ಬಂತು. ಇಂಗ್ಲೆಂಡಿನ ಮೋರಿಸ್ ಕಂಪೆನಿಯ ಕಾರುಗಳನ್ನು ಇಲ್ಲಿ ಬೇರೆ ಹೆಸರಿನಿಂದ ತಯಾರಿಸಿ ಮಾರುವುದು ಅದರ ಕ್ರಮ. 1954ರಲ್ಲಿ ಬಂದ ಲ್ಯಾಂಡ್‌ಮಾಸ್ಟರ್ ಅಂಥದ್ದೇ ಒಂದು. ಆ ಬಳಿಕ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯು ಅಂಬಾಸಿಡರ್ ಎಂಬ ಹೆಸರು ಪಡೆಯಿತು. ಇಂಗ್ಲೆಂಡಿನಲ್ಲಿ ಆ ಮಾದರಿ ಬಂದದ್ದು 1956ರಲ್ಲಿ. 1959ಕ್ಕೆ ಅಲ್ಲಿ ಅದರ ಕಾಲ ಮುಗಿದೇಹೋಯಿತು. ಹುಟ್ಟಿದ ಮನೆಯಲ್ಲಿ ಮೂರೇ ವರ್ಷ ಬಾಳಿದ ಕಾರು ಸೇರಿದ ಮನೆಯಲ್ಲಿ ಐವತ್ತಾರು ವರ್ಷ ಬಾಳಿತು.

ಇದಕ್ಕೆ ಕಾರಿನ ಗಟ್ಟಿತನವೊಂದೇ ಕಾರಣವಲ್ಲ. ಆಗ ಕಾರು ತಯಾರಿಸಲು ಸರಕಾರದ ಪರವಾನಗಿ ಬೇಕಿತ್ತು. ಹೊರದೇಶದ ಕಾರು ತರಿಸುವುದಕ್ಕೆ ಕಟ್ಟುನಿಟ್ಟಿನ ತಡೆಯಿತ್ತು. ಉತ್ತರಪಾರದ ಅಂಬಾಸಿಡರ್, ಬೊಂಬಾಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್ ಎಂಬ ಮೂರೇ ದಾರಿ. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಗಿರಾಕಿ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿರುವಾಗ ಅಂಗಡಿಯವನಿಗೆ ಸರಕು ಬದಲಿಸುವ ತುರ್ತು ಇರುವುದಿಲ್ಲ. ಮುಂಭಾಗದ ಜಾಲರಿ, ದೀಪ ಬದಲಿಸಿ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರಿಟ್ಟರೇ ಹೊರತು ಮೈಕಟ್ಟು ಮಾತ್ರ ಹಳೆಯದೇ. 1980ರ ಸುಮಾರಿಗೆ ಡೀಸೆಲ್ ಯಂತ್ರ ಬಂದುದು ದೊಡ್ಡ ಬದಲಾವಣೆ. ಬಾಡಿಗೆ ಕಾರಿನವರಿಗೆ ಅದು ವರದಾನವಾಯಿತು.

ನಮ್ಮ ಊರುಗಳಲ್ಲಿ ಅಂಬಾಸಿಡರ್ ಎಂದರೆ ಬಾಡಿಗೆ ಕಾರು ಎಂದೇ ಅರ್ಥ. ಸ್ವಂತಕ್ಕೆ ಇಟ್ಟುಕೊಂಡವರು ದೊಡ್ಡ ಜಮೀನ್ದಾರರೋ ಡಾಕ್ಟರರೋ ಆಗಿರುತ್ತಿದ್ದರು. ಉಳಿದವರಿಗೆ ಪೇಟೆಯ ಸ್ಟ್ಯಾಂಡಿನಲ್ಲಿ ನಿಂತ ಒಂದೆರಡು ಕಾರುಗಳೇ ಗತಿ. ಗಡಿ ಕಾಗದದಲ್ಲಿ ಬಂದಿತ್ತೇ ಹೊರತು ನೆಂಟಸ್ತಿಕೆಯಲ್ಲಿ ಬಂದಿರಲಿಲ್ಲ. ಹೆಣ್ಣು ಕೊಟ್ಟದ್ದು ವಿಟ್ಲಕ್ಕೆ, ತಂದದ್ದು ಪುತ್ತೂರಿನಿಂದ, ಜವುಳಿ ಮಂಗಳೂರಿನದು, ದೊಡ್ಡ ಆಸ್ಪತ್ರೆಯೂ ಅಲ್ಲಿಯದೇ. ತಲಪಾಡಿಯನ್ನೋ ಸಾರಡ್ಕವನ್ನೋ ದಾಟಿ ಹೋಗುವ ಆ ಗಾಡಿಗೆ ಅಂಬಾಸಿಡರ್, ಎಂದರೆ ರಾಯಭಾರಿ, ಎಂಬ ಹೆಸರು ಬಲು ಚೆನ್ನಾಗಿ ಒಪ್ಪುತ್ತಿತ್ತು.

ಆಟಿ ತಿಂಗಳ ಒಂದು ರಾತ್ರಿ

1988ರ ಆಟಿ ತಿಂಗಳು. ನಾವಾಗ ಮೂರನೆಯ ತರಗತಿಯಲ್ಲಿದ್ದೆವು. ಪೆರ್ಲದ ಸಮೀಪ, ಗುಡ್ಡದ ಬುಡದ ಅಡಿಕೆ ತೋಟದೊಳಗೆ ನಮ್ಮ ಮನೆ. ವಾಹನ ಬರುವ ದಾರಿ ಇರಲಿಲ್ಲ. ದಿನ ತುಂಬಿದ್ದ ತಾಯಿಯವರಿಗೆ ಸರಿರಾತ್ರಿಯಲ್ಲಿ ನೋವು ಕಾಣಿಸಿಕೊಂಡಿತು. ಹೊರಗೆ ಧಾರಾಕಾರ ಮಳೆ. ತಂದೆಯವರು ನೆರೆಮನೆಯವರನ್ನು ಕೂಗಿ ಎಬ್ಬಿಸಿದರು. ಒಬ್ಬರು ಟಾರ್ಚು ಹಿಡಿದು ಎರಡು ಮೈಲು ದೂರದ ಡ್ರೈವರರ ಮನೆಗೆ ಓಡಿದರು. ಉಳಿದ ನಾಲ್ವರು ತಾಯಿಯವರನ್ನು ಕುರ್ಚಿಯಲ್ಲಿ ಕೂರಿಸಿ, ಮೇಲೆ ಗೊರಬೆ ಹಿಡಿದು, ಜಾರುವ ಗುಡ್ಡದ ದಾರಿಯಲ್ಲಿ ರಸ್ತೆಯವರೆಗೆ ಹೊತ್ತು ತಂದರು. ಅಷ್ಟರಲ್ಲಿ ಅಂಬಾಸಿಡರ್ ದೀಪ ಉರಿಸಿಕೊಂಡು ನಿಂತಿತ್ತು.

ಡ್ರೈವರರನ್ನು ಊರಿಗೆ ಊರೇ ಕಾಕ ಎಂದು ಕರೆಯುತ್ತಿತ್ತು. ಕನ್ನಡ, ತುಳು, ಮಲಯಾಳ ಮೂರನ್ನೂ ಸಲೀಸಾಗಿ ಆಡುವ ಮನುಷ್ಯ. ಹಿಂದಿನ ಸೀಟಿನಲ್ಲಿ ತಾಯಿಯವರನ್ನು ಮಲಗಿಸಿ, ಕಾಲಬುಡದಲ್ಲಿ ಅಜ್ಜಿ ಕೂತರು. ಮುಂದಿನ ಸೀಟು ಒಂದೇ ಉದ್ದದ ಬೆಂಚಿನಂಥದ್ದು. ಗೇರಿನ ಕೋಲು ಸ್ಟೇರಿಂಗಿನ ಬುಡದಲ್ಲಿದ್ದುದರಿಂದ ನಡುವೆ ಅಡ್ಡಿಯಿಲ್ಲ. ಅಲ್ಲಿ ತಂದೆಯವರು, ನೆರೆಮನೆಯ ಇಬ್ಬರು, ಬಿಟ್ಟುಹೋಗಲು ಯಾರಿಲ್ಲದ ಕಾರಣ ತಂದೆಯವರ ಮಡಿಲಲ್ಲಿ ನಾವು. "ಕಾಕ, ಮೆಲ್ಲ ಹೋಗಿ ಮಾರಾಯ್ರೇ" ಎಂದು ಅಜ್ಜಿ ಹಿಂದಿನಿಂದ ಹೇಳುತ್ತಲೇ ಇದ್ದರು. "ಹೆದರಬೇಡಿ ಅಮ್ಮ. ಈ ದಾರಿಯ ಹೊಂಡ ಎಲ್ಲ ಗಾಡಿಗೆ ಬಾಯಿಪಾಠ ಉಂಟು" ಎಂದು ಕಾಕ ನಗಿಸುತ್ತಿದ್ದರು.

ಸಾರಡ್ಕ ದಾಟಿ, ಅಡ್ಯನಡ್ಕ, ವಿಟ್ಲದ ಮೂಲಕ ಪುತ್ತೂರು ಸೇರಿದಾಗ ಬೆಳಗಿನ ಜಾವ. ಬೆಳಕು ಹರಿಯುವ ಮುಂಚೆ ತಂಗಿ ಹುಟ್ಟಿದಳು. ಬಾಡಿಗೆ ಎಷ್ಟೆಂದು ತಂದೆಯವರು ಕೇಳಿದಾಗ ಕಾಕ ಹೇಳಿದ್ದು ನಮಗೆ ಇಂದಿಗೂ ನೆನಪಿದೆ: "ಈಗ ಬಾಡಿಗೆಯ ಮಾತು ಬೇಡ ಅಣ್ಣ. ಅಕ್ಕ ಮಗುವನ್ನು ಹಿಡಿದುಕೊಂಡು ಮನೆಗೆ ಬರಲಿ, ಮತ್ತೆ ನೋಡುವ." ಆ ಬಾಡಿಗೆ ಸಂದಾಯವಾದದ್ದು ಅಡಿಕೆ ಮಾರಿದ ಮೇಲೆ, ಎಷ್ಟೋ ತಿಂಗಳು ಕಳೆದು.

ಕೀಲಿಕೈ ಮನೆಗೆ ಬಂದ ಕಾಲ

ನಮ್ಮ ಊರಿನಲ್ಲಿ ಅಂಬಾಸಿಡರಿಗೆ ಕಾಯುತ್ತಿದ್ದ ಆ ದಿನಗಳಲ್ಲೇ ದೆಹಲಿಯ ಕಡೆ ಬೇರೊಂದು ಕಾರು ರಸ್ತೆಗಿಳಿದಾಗಿತ್ತು. 1981ರಲ್ಲಿ ಕೇಂದ್ರ ಸರಕಾರ ಮಾರುತಿ ಉದ್ಯೋಗ್ ಎಂಬ ಕಂಪೆನಿಯನ್ನು ಸ್ಥಾಪಿಸಿತು. 1982ರ ಅಕ್ಟೋಬರಿನಲ್ಲಿ ಜಪಾನಿನ ಸುಝುಕಿ ಕಂಪೆನಿಯೊಂದಿಗೆ ಒಪ್ಪಂದವಾಯಿತು. ಸುಝುಕಿಯ ಪಾಲು ಮೊದಲಿಗೆ ನೂರಕ್ಕೆ 26. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ದೆಹಲಿಯ ಒಬ್ಬ ವಿಮಾನ ಸಂಸ್ಥೆಯ ನೌಕರರಿಗೆ ಕೊಟ್ಟರು. ಬೆಲೆ 47,500 ರೂಪಾಯಿ. ಮೊದಲ ಕಾರು ಮಂತ್ರಿಗಾಗಲಿ ಸೇಠಜಿಗಾಗಲಿ ಹೋಗದೆ ಸಂಬಳದಾರನೊಬ್ಬನಿಗೆ ಹೋದದ್ದರಲ್ಲೇ ಮುಂದಿನ ಕಾಲದ ಸೂಚನೆಯಿತ್ತು.

ಆ ಹೊತ್ತಿಗೆ ನಮ್ಮ ಕಡೆಯೂ ಬದಲಾವಣೆಯ ಗಾಳಿಯಿತ್ತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಮಾರುತಿ ಮಾತ್ರ ನಮ್ಮ ಹಳ್ಳಿಗಳಿಗೆ ನಿಧಾನವಾಗಿ ಬಂತು. ಮೊದಲು ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಅಂಗಳದಲ್ಲಿ, ಬಳಿಕ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ಕೃಷಿಕರ ಅಂಗಳದಲ್ಲಿ, ಕೊನೆಗೆ ಸಾಲ ಸುಲಭವಾದ ಮೇಲೆ ನಮ್ಮಂಥ ಮಾಸ್ತರರ ಅಂಗಳದಲ್ಲಿ. ನಾವು ಬ್ಯಾಂಕಿನ ಸಾಲ ಮಾಡಿ ನಮ್ಮದನ್ನು ಕೊಂಡದ್ದು 2009ರಲ್ಲಿ. ಗುಡ್ಡ ಕಡಿದು ಮನೆಯವರೆಗೆ ಮಣ್ಣಿನ ದಾರಿ ಮಾಡಿಸಿದ್ದೂ ಅದೇ ವರ್ಷ.

ಕರಿಹಲಗೆಯ ಲೆಕ್ಕ

ಇನ್ನು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡೋಣ. ಅಂಬಾಸಿಡರಿನ ಉದ್ದ ಸುಮಾರು 4.3 ಮೀಟರ್, ಮಾರುತಿಯದು ಸುಮಾರು 3.3 ಮೀಟರ್. ಒಂದು ಮೀಟರಿನ ವ್ಯತ್ಯಾಸ. ಅಂಬಾಸಿಡರಿನ ತೂಕ ಒಂದು ಟನ್ನಿಗೆ ಮಿಕ್ಕಿ, ಸುಮಾರು 1,100 ಕಿಲೋ. ಮಾರುತಿಯದು ಸುಮಾರು 650 ಕಿಲೋ. ಹಳೆಯ ಅಂಬಾಸಿಡರಿನ ಪೆಟ್ರೋಲ್ ಯಂತ್ರ ನಾಲ್ಕು ಸಿಲಿಂಡರಿನದು, 1,489 ಸಿ.ಸಿ., ಶಕ್ತಿ ಸುಮಾರು 50 ಅಶ್ವಶಕ್ತಿ. ಮಾರುತಿಯದು ಮೂರು ಸಿಲಿಂಡರು, 796 ಸಿ.ಸಿ., ಸುಮಾರು 37 ಅಶ್ವಶಕ್ತಿ.

ಅಂಕೆ ನೋಡಿದವರು ಅಂಬಾಸಿಡರೇ ಬಲಶಾಲಿ ಎಂದಾರು. ಆದರೆ ಭಾಗಾಕಾರ ಮಾಡಿ ನೋಡಬೇಕು. ಅಂಬಾಸಿಡರಿನಲ್ಲಿ ಒಂದು ಕುದುರೆ 22 ಕಿಲೋ ಹೊರಬೇಕು. ಮಾರುತಿಯಲ್ಲಿ ಹದಿನೇಳು ಹದಿನೆಂಟು ಕಿಲೋ ಹೊತ್ತರೆ ಸಾಕು. ಸಂಪಾಜೆ ಘಾಟಿ ಹತ್ತುವಾಗ ಅಂಬಾಸಿಡರ್ ಏದುಸಿರು ಬಿಡುತ್ತ, ತಿರುವಿನಲ್ಲಿ ನಿಂತು ರೇಡಿಯೇಟರಿಗೆ ನೀರು ಕುಡಿಯುತ್ತ ಸಾಗಿದರೆ, ಮಾರುತಿ ಸರಸರನೆ ಮಡಿಕೇರಿ ಸೇರುವುದರ ಗುಟ್ಟು ಇದೇ. ಆದರೆ ಈ ಲೆಕ್ಕ ನಾಲ್ಕು ಜನರವರೆಗೆ ಮಾತ್ರ ಸರಿ. ಎಂಟು ಜನ, ಒಂದು ಮೂಟೆ ಅಕ್ಕಿ, ಎರಡು ಬಾಳೆಗೊನೆ ಹೇರಿದರೆ ಮಾರುತಿ ಕುಸಿದು ಕೂರುತ್ತದೆ. ಅಂಬಾಸಿಡರ್ ಅದೇ ಏದುಸಿರಿನಲ್ಲಿ ಮುಂದೆ ಹೋಗುತ್ತದೆ.

ರಚನೆಯಲ್ಲೂ ಎರಡು ಕಾಲದ ಗುರುತಿದೆ. ಅಂಬಾಸಿಡರಿನಲ್ಲಿ ಯಂತ್ರ ಮುಂದಕ್ಕೆ ಉದ್ದುದ್ದವಾಗಿ ಕೂತಿದೆ. ಶಕ್ತಿ ಉದ್ದನೆಯ ದಂಡದ ಮೂಲಕ ಹಿಂದಿನ ಚಕ್ರಕ್ಕೆ ಹೋಗಬೇಕು. ಮಾರುತಿಯಲ್ಲಿ ಯಂತ್ರವನ್ನು ಅಡ್ಡಲಾಗಿ ಇಟ್ಟಿದ್ದಾರೆ. ಶಕ್ತಿ ಅಲ್ಲೇ ಪಕ್ಕದ ಮುಂದಿನ ಚಕ್ರಕ್ಕೆ ಹೋಗುತ್ತದೆ. ಹಿಂದಕ್ಕೆ ಹೋಗುವ ದಂಡವಿಲ್ಲ, ಆದ್ದರಿಂದ ಪುಟ್ಟ ಮೈಯೊಳಗೂ ಕಾಲು ಚಾಚಲು ಜಾಗ. ಈ ಉಪಾಯವನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟದ್ದು 1959ರಲ್ಲಿ ಬಂದ ಇಂಗ್ಲೆಂಡಿನ ಮಿನಿ ಕಾರು. ವಿಚಿತ್ರವೆಂದರೆ, ಮಿನಿಯನ್ನು ತಂದದ್ದೂ ಮೋರಿಸ್ ಸೇರಿದ್ದ ಕಂಪೆನಿಯೇ. ಅಲ್ಲಿ ಹಳೆಯ ಆಕ್ಸ್‌ಫರ್ಡ್ ನಿಂತ ವರ್ಷವೇ ಮಿನಿ ಬಂತು. ನಾವು ಹಳೆಯದನ್ನು ಹಿಡಿದುಕೊಂಡೆವು. ಹೊಸ ಉಪಾಯ ಜಪಾನಿನ ಮಾರ್ಗವಾಗಿ ನಮ್ಮಲ್ಲಿಗೆ ಬರಲು ಇನ್ನೂ ಇಪ್ಪತ್ತನಾಲ್ಕು ವರ್ಷ ಬೇಕಾಯಿತು.

ಪೆಟ್ರೋಲಿನ ಲೆಕ್ಕವೂ ಸಣ್ಣದಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಪೆಟ್ರೋಲ್ ಅಂಬಾಸಿಡರ್ ಈ ದಾರಿಗೆ ಐದು ಲೀಟರು ಕೇಳುತ್ತಿತ್ತು. ನಮ್ಮ ಮಾರುತಿಗೆ ಮೂರು ಲೀಟರು ಸಾಕು.

ರಿಪೇರಿಯಲ್ಲಿ ಮಾತ್ರ ಅಂಬಾಸಿಡರಿಗೆ ಹೆಚ್ಚು ಅಂಕ ಕೊಡಬೇಕು. ಬಾನೆಟ್ಟು ಎತ್ತಿದರೆ ಎಲ್ಲ ಭಾಗವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಕಾದರೆ ಸರಿ. ಸುತ್ತಿಗೆ, ಸ್ಪ್ಯಾನರು, ತಂತಿಯ ತುಂಡು ಇದ್ದ ಯಾವ ಹಳ್ಳಿಯ ಮೆಕ್ಯಾನಿಕನೂ ಅದಕ್ಕೆ ವೈದ್ಯನೇ. ಮಾರುತಿ ಅಪರೂಪಕ್ಕೆ ಕೆಡುತ್ತದೆ, ಕೆಟ್ಟರೆ ಪೇಟೆಗೇ ಹೋಗಬೇಕು. ಇನ್ನು, ದಪ್ಪ ತಗಡಿನ ಅಂಬಾಸಿಡರ್ ಅಪಘಾತದಲ್ಲಿ ಕಾಪಾಡುತ್ತದೆ ಎಂಬ ಮಾತನ್ನು ಪೂರ್ತಿ ನಂಬಬಾರದು. ತಗಡು ಗಟ್ಟಿಯಿದ್ದಷ್ಟೂ ಹೊಡೆತ ಒಳಗಿನವರಿಗೆ ತಾಗುತ್ತದೆ. ಜೀವ ಉಳಿಸುವ ಗಾಳಿಚೀಲ ನಮ್ಮ ಮಾರುತಿಯಲ್ಲೂ ಇಲ್ಲ, ಕಾಕನ ಅಂಬಾಸಿಡರಿನಲ್ಲೂ ಇರಲಿಲ್ಲ.

ಇನ್ನೊಂದು ರಾತ್ರಿ

2012ರ ಎಪ್ರಿಲಿನಲ್ಲಿ ನಾವು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಪರವೂರಿನಲ್ಲಿದ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಮನೆಯಲ್ಲಿ ತಂದೆಯವರಿಗೆ ಎದೆನೋವು ಬಂತು. ನಮ್ಮ ಮನೆಯಾಕೆ ಯಾರನ್ನೂ ಕಾಯಲಿಲ್ಲ. ಮೊಳೆಯಲ್ಲಿ ತೂಗುತ್ತಿದ್ದ ಕೀಲಿಕೈ ತೆಗೆದು, ಮಾವನವರನ್ನು ಮುಂದಿನ ಸೀಟಿನಲ್ಲಿ ಒರಗಿಸಿ, ಅತ್ತೆಯವರನ್ನು ಹಿಂದೆ ಕೂರಿಸಿ, ತಾನೇ ಮಂಗಳೂರಿಗೆ ಓಡಿಸಿದಳು. ಸ್ಟೇರಿಂಗು ಹಗುರ, ಗಾಡಿ ಚಿಕ್ಕದು ಎಂಬ ಧೈರ್ಯದಿಂದಲೇ ಎರಡು ವರ್ಷ ಮುಂಚೆ ಆಕೆ ಕಲಿತಿದ್ದಳು. ಅಂಬಾಸಿಡರಿನ ಆ ಭಾರದ ಚಕ್ರ ತಿರುಗಿಸಲು ಅವಳಿಗೆ ಮನಸ್ಸಾಗುತ್ತಿತ್ತೆಂದು ನಮಗನಿಸುವುದಿಲ್ಲ. ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರರು ಹೇಳಿದರು. ತಂದೆಯವರು ಆಮೇಲೆ ಆರು ವರ್ಷ ನಮ್ಮೊಂದಿಗಿದ್ದರು.

ಈ ಋಣವನ್ನು ನಾವು ಮರೆಯಲಾರೆವು. ಆದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1988ರಲ್ಲಿ ತಾಯಿಯವರನ್ನು ಕರೆದುಕೊಂಡು ಹೋದ ಮರುದಿನ ಬೆಳಗ್ಗೆ ನಮ್ಮ ಮನೆಯ ಹಸುವಿನ ಹಾಲು ಕರೆದವರು ನೆರೆಯವರು, ಒಲೆ ಹೊತ್ತಿಸಿದವರು ನೆರೆಯವರು. ಊರಿಗೆಲ್ಲ ಸುದ್ದಿ ಗೊತ್ತಿತ್ತು. 2012ರಲ್ಲಿ ನೆರೆಮನೆಯವರಿಗೆ ವಿಷಯ ತಿಳಿದದ್ದು ಮೂರನೆಯ ದಿನ. "ಎಂಥ ಮಾರಾಯ್ರೇ, ಒಂದು ಮಾತು ಹೇಳಬಾರದಿತ್ತಾ?" ಎಂದು ಅವರು ನೊಂದುಕೊಂಡರು. ಅವರನ್ನು ದೂರ ಮಾಡಬೇಕೆಂದು ನಾವು ಎಣಿಸಿದ್ದಲ್ಲ. ಕೂಗಿ ಕರೆಯಬೇಕಾದ ಅಗತ್ಯವೇ ಬರಲಿಲ್ಲ, ಅಷ್ಟೇ. ಅಂಬಾಸಿಡರಿನ ಕಾಲದಲ್ಲಿ ಕಾರು ಬೇಕಾದವನು ನಾಲ್ಕು ಜನರ ಬಾಗಿಲು ತಟ್ಟಬೇಕಿತ್ತು. ಮಾರುತಿ ನಮ್ಮನ್ನು ಆ ಹಂಗಿನಿಂದ ಬಿಡಿಸಿತು. ಹಂಗಿನ ಜೊತೆಗಿದ್ದ ಬಳಕೆಯಿಂದಲೂ ಬಿಡಿಸಿತು.

ಒಂದೇ ವರ್ಷ, ಎರಡು ಅಂತ್ಯ

ಈ ಎರಡು ಕಾರುಗಳೂ ನಿಂತದ್ದು ಒಂದೇ ವರ್ಷದಲ್ಲಿ. ಕೊನೆಯ ಮಾರುತಿ 800 ತಯಾರಾದದ್ದು 2014ರ ಜನವರಿಯಲ್ಲಿ. ಅದೇ ವರ್ಷದ ಮೇ 24ರಂದು, ಎಂದರೆ ನಮ್ಮ ಜಿಲ್ಲೆಗೆ ಸರಿಯಾಗಿ ಮೂವತ್ತು ತುಂಬಿದ ದಿನ, ಉತ್ತರಪಾರದ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದ ನೋಟೀಸು ಬಿತ್ತು.

ಆದರೆ ಎರಡು ಅಂತ್ಯಗಳೂ ಒಂದೇ ತೆರನಾಗಿರಲಿಲ್ಲ. ಮಾರುತಿ ಕಂಪೆನಿ 2000ದಲ್ಲೇ ಆಲ್ಟೋ ಎಂಬ ಕಾರನ್ನು ತಂದು ಬೆಳೆಸತೊಡಗಿತ್ತು. ಹೊಗೆಯ ನಿಯಮ ಬಿಗಿಯಾಗಿ 2010ರಲ್ಲಿ ಹದಿಮೂರು ನಗರಗಳಲ್ಲಿ 800ರ ಮಾರಾಟ ನಿಂತಾಗ ಗಿರಾಕಿಗಳು ಆಲ್ಟೋದತ್ತ ಹೊರಳಿದರು. ಮೂವತ್ತು ವರ್ಷ ದುಡಿದ ಯಜಮಾನ ಪ್ರಾಯಕ್ಕೆ ಬಂದ ಮಗನ ಕೈಗೆ ಬೀಗದ ಕೈ ಕೊಟ್ಟು ಜಗಲಿಯಲ್ಲಿ ಕೂತ ಹಾಗೆ ಅದರ ಕತೆ ಮುಗಿಯಿತು.

ಅಂಬಾಸಿಡರಿಗೆ ಉತ್ತರಾಧಿಕಾರಿ ಇರಲಿಲ್ಲ. 1992ರ ಬಳಿಕ ಅದಕ್ಕೆ ಜಪಾನಿನ ಇಸುಝು ಯಂತ್ರವನ್ನು ಕೂರಿಸಿದರು. ಯಂತ್ರ ಹೊಸದಾಯಿತು, ಮೈ ಅದೇ. 2013ರಲ್ಲಿ ಇಂಗ್ಲೆಂಡಿನ ಟಾಪ್ ಗೇರ್ ಎಂಬ ಕಾರ್ಯಕ್ರಮದವರು ಅದನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಎಂದು ಹೊಗಳಿದರು. ಆದರೆ 2014ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಮಾರಾಟವಾದ ಅಂಬಾಸಿಡರುಗಳು ಸುಮಾರು 2,200 ಮಾತ್ರ. ಹೊಗಳುವವರು ಲಕ್ಷ ಲಕ್ಷ, ಕೊಳ್ಳುವವರು ಇಲ್ಲ. ಎರಡು ಸಾವಿರಕ್ಕೂ ಮಿಕ್ಕಿದ ಕಾರ್ಮಿಕರು ಬೀದಿಯಲ್ಲಿ ನಿಂತರು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಕಂಪೆನಿ ಕೊಂಡಿತು. ಪ್ರೀತಿಯಿಂದ ನೆನೆಯುವುದು ಬೇರೆ, ಕಾಲಕ್ಕೆ ತಕ್ಕಂತೆ ಬೆಳೆಸುವುದು ಬೇರೆ. ಮೂವತ್ತು ವರ್ಷ ಪೈಪೋಟಿಯಿಲ್ಲದೆ ಸಾಗಿದ ಆ ಮನೆ ಎರಡನೆಯದನ್ನು ಮರೆತಿತ್ತು.

ಕಾಕ ತೀರಿಕೊಂಡು ಬಹಳ ವರ್ಷವಾಯಿತು. ಅವರ ಗಾಡಿ ಅದಕ್ಕೂ ಮುಂಚೆಯೇ ಗುಜರಿಗೆ ಹೋಗಿತ್ತು. ಅವರ ಮಗ ಈಗ ಪೆರ್ಲದಲ್ಲಿ ಹೊಸ ಮಾದರಿಯ ಬಾಡಿಗೆ ಕಾರು ಓಡಿಸುತ್ತಾರೆ. ಆ ರಾತ್ರಿ ಪುತ್ತೂರಿನಲ್ಲಿ ಹುಟ್ಟಿದ ನಮ್ಮ ತಂಗಿ ತವರಿಗೆ ಬಂದರೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವುದು ಅದರಲ್ಲೇ. ಅಣ್ಣನ ಮನೆಯಲ್ಲಿ ಕಾರಿದ್ದರೂ ಆಕೆ ಅವರಿಗೇ ಫೋನು ಮಾಡುತ್ತಾಳೆ.

ನಮ್ಮ ಮಾರುತಿಯ ತಗಡು ಬದಲಿಸಿ, ಪರೀಕ್ಷೆಗೆ ಒಡ್ಡಿ, 2029ರವರೆಗೆ ನೋಂದಣಿ ನವೀಕರಿಸಿದ್ದೇವೆ. ಮಗನಿಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವನು ಸ್ಟೇರಿಂಗು ಹಿಡಿಯಲು ಕಲಿಯುತ್ತಿರುವುದು ಆ ಕಾರಿನಲ್ಲೇ, ಕಲಿಸುತ್ತಿರುವುದು ಅವನ ತಾಯಿ. ಯಾವ ಕಾರು ಒಳ್ಳೆಯದೆಂಬ ಅವನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ: ಒಂದು ನಿನ್ನ ಅತ್ತೆಯನ್ನು ಮನೆಗೆ ತಂದಿತು, ಇನ್ನೊಂದು ನಿನ್ನ ಅಜ್ಜನನ್ನು ಮನೆಗೆ ತಂದಿತು, ಅಂಕ ನೀನೇ ಕೊಡು. ಅದರ ಜೊತೆಗೆ ಒಂದು ಕರಾರನ್ನೂ ಹಾಕಿದ್ದೇವೆ. ರಾತ್ರಿಹೊತ್ತು ಯಾವ ಕಾರಣಕ್ಕೆ ಕಾರು ಹೊರಗೆ ತೆಗೆದರೂ, ಹೊರಡುವ ಮುನ್ನ ನೆರೆಮನೆಯವರನ್ನು ಒಮ್ಮೆ ಕೂಗಿ ಹೇಳಿಯೇ ಹೋಗಬೇಕು.